ಎಲುಬು ಕಟ್ಟಾಂವ

ಹುಬ್ಬಳ್ಳಿ ದೊಡ್ಡ ದವಾಖಾನಿ ಹಿಂದ
ತಗಡಿನ ಮಾಡಿನ ಖೋಲಿಯೊಳಗ
ಮೂವತ್ತೊಂದು ವರ್ಷ ಎಲುಬು ಕಟ್ಟೇನಿ.
ಡಾಕ್ಟರ್ ಅಲ್ಲ ನಾ. ಅಟೆಂಡರ್ ದ್ಯಾಮಣ್ಣ.
ದುರ್ಗದಬೈಲಿನಿಂದ ತಂದ ಹಿತ್ತಾಳಿ ತಂತಿ,
ಸಣ್ಣ ಸ್ಪ್ರಿಂಗು, ಕಿಟಕಿಗೆ ಹಾಕೂ ಬಿಜಾಗರಿ,
ಇಷ್ಟರಾಗ ಒಬ್ಬ ಮನಷ್ಯಾನ್ನ ನಿಂದರಸ್ತೇನಿ.

ಮೊಣಕೈಗೆ ಬಿಜಾಗರಿ ಸಾಕು. ಬಾಗಲಾ ಇದ್ದಂಗ
ತೆರೀತದ, ಮುಚ್ಚತದ, ಮುಗೀತು.
ಮೊಣಕಾಲು ಹಂಗಲ್ಲ, ಕಳ್ಳ:
ಮಡಚೂಮುಂದ ಉಳ್ಳತದ, ಜಾರತದ,
ನೆಟ್ಟಗ ನಿಂತಮ್ಯಾಲ ಚೂರ ತಿರುಗಿ
ತನಗ ತಾನ ಕೀಲಿ ಹಾಕ್ಕೋತದ.
ಆ ಕೀಲಿ ಹಾಕೋದು ನನಗ ಇನ್ನೂ ಬಂದಿಲ್ಲ.
ಟೊಂಕದ ಕೀಲು ಒಳ್ಳಿನಾಗ ಕುಂತ ಗುಂಡ;
ಹೆಗಲು ಅಂದ್ರ ಚಾದ ಬಸಿ ಮ್ಯಾಲಿಟ್ಟ ಲಿಂಬಿಹಣ್ಣು,
ಎಲ್ಲಾ ಕಡೆ ತಿರುಗತದ, ಅದಕ್ಕ ಬೀಳತದ.
ಕುತ್ತಿಗಿ ತುದಿಗೆ ಎರಡು ಮಣಿ:
ಮ್ಯಾಲಿಂದು ಹೂಂ ಅಂತದ,
ಅದರ ಕೆಳಗಿಂದು ಊಹೂಂ ಅಂತದ.
ನನ್ನ ತಂತಿಗೆ ಬರೇ ಊಹೂಂ ಬರ್ತದ.
ಹುಡುಗೂರು ನಗತಾವು:
"ದ್ಯಾಮಣ್ಣಾ, ನಿನ್ನ ಮನಷ್ಯಾ ಯಾವುದಕ್ಕೂ ಒಪ್ಪವಲ್ಲ!"

ನಗ್ರಿ. ಆದರ ಒಂದು ಮಾತು ಕೇಳ್ರಿ:
ಕೀಲು ಅಂದ್ರ ಎಲುಬಲ್ಲ.
ಒಂದು ಎಲುಬು ಮುಗಿದು ಇನ್ನೊಂದು ಸುರು ಆಗೂದರೊಳಗ
ಒಂದು ಸಂದಿ ಅದ. ಅದು ಕೀಲು.
ಅಲ್ಲಿ ತತ್ತಿ ಲೋಳಿ ಹಂಗ ಒಂದೀಟು ರಸ,
ಚಮಚಾ ತುಂಬೂದಿಲ್ಲ;
ಎರಡೂ ತುದಿಗೆ ಎಳೀ ಕೊಬ್ಬರಿಯಂಥಾ ನುಣುಪು,
ರಕ್ತ ಹರಿಯೂದಿಲ್ಲ ಅದರಾಗ.
ಕಾಲೂರಿದರ ಹಿಂಡತದ, ಎತ್ತಿದರ ಹೀರತದ,
ನಡಿಗಿನ ಅದರ ಊಟ.
ನನ್ನ ಖೋಲಿಗೆ ಬರೂದರಾಗ ಅದು ಇರೂದಿಲ್ಲ.
ಕುದಿಸಿ, ಒಣಗಿಸಿ, ಬೆಳ್ಳಗ ಮಾಡಿ ಕಳಸ್ತಾರ.
ಸಂದಿ ಇದ್ದಲ್ಲೆ ನಾ ಸ್ಪ್ರಿಂಗು ಹಾಕ್ತೇನಿ.

ಹ್ವಾದ ಮಾಘದಾಗ ಒಂದು ಡಬ್ಬಿ ಬಂತು.
ಹೆಸರಿಲ್ಲ. ಹೆಣ್ಣಮಗಳು, ಅರವತ್ತರ ಮ್ಯಾಲೆ, ಅಂತ ಚೀಟಿ.
ಬಲಗೈ ಕಟ್ಟಕೋತ ಹೆಬ್ಬಟ್ಟಿನ ಬುಡಕ್ಕ ಬಂದೆ.
ಅಲ್ಲಿ ಎರಡು ಎಲುಬು ಒಂದರ ಮ್ಯಾಲೊಂದು
ಕುದುರಿ ಜೀನಿನ ಹಂಗ ಕುಂದರತಾವು,
ಅದಕ್ಕ ಹೆಬ್ಬಟ್ಟು ನಾಕೂ ಬೆರಳಿನ ಮನಿಗೆ
ಹೋಗಿ ಮಾತಾಡಿಸಿ ಬರ್ತದ.
ಈ ಜೀನು ಸವದು ಚಪ್ಪಟಿ ಆಗಿತ್ತು,
ಎಲುಬಿಗೆ ಎಲುಬು ತಿಕ್ಕಿ ತಿಕ್ಕಿ
ದಂತದ ಹಂಗ ಫಳಫಳ.
ಎಡಗೈದು ನೋಡಿದೆ. ಅದೂ ಹಂಗ.
ತಂತಿ ಕೆಳಗಿಟ್ಟೆ.

ಬ್ಯಾಡಗಿ. ಮೆಣಸಿನಕಾಯಿ ವಖಾರಿ.
ಅವ್ವ, ಶಂಕ್ರವ್ವ, ಮೂಗಿಗೆ ಸೆರಗು ಕಟಗೊಂಡು
ಎರಡೂ ಕೈಲೆ ತೊಟ್ಟು ಮುರೀತಿದ್ಲು:
ಹೆಬ್ಬಟ್ಟು, ತೋರಬೆರಳು, ಟಕ್.
ಕಿಲೋಕ್ಕ ಇಷ್ಟು ಅಂತ ರೊಕ್ಕ.
ಒಂದು ಕಿಲೋಕ್ಕ ಎಷ್ಟು ಟಕ್
ಅಂತ ಸಣ್ಣಾಂವಿದ್ದಾಗ ಎಣಸಾಕ ಕುಂತು
ಆರನೂರರ ಮ್ಯಾಲ ನಿದ್ದಿ ಹ್ವಾದೆ.
ಸಂಜಿಕ ಕೈ ತೊಳದು, ಮತ್ತ ತೊಳದು,
ನನ್ನ ಮಾರಿ ಸವರಿ, ತನ್ನ ಕಪಾಳಕ್ಕ ಒತ್ತಿ
ಲಟಿಗಿ ಮುರೀತಿದ್ಲು. ಹತ್ತೂ ಬೆರಳು.
"ನೆದರ ಹೋತು" ಅಂತಿದ್ಲು.
ನನ್ನ ಕಣ್ಣು ಉರೀತಿದ್ವು.
ಒಂದು ವರ್ಷ ಹತ್ತು ಹೋಗಿ ಎಂಟಾದವು.
ಹೆಬ್ಬಟ್ಟು ಎರಡೂ ಸುಮ್ಮ.
"ಇವಕ್ಕ ಸಿಟ್ಟು ಬಂದದ" ಅಂದ್ಲು.

ಇಲ್ಲೆ ಮೇಡಮ್ ಒಬ್ರು ಪಾಠ ಮಾಡೂಮುಂದ
ಬಾಗಲ ಸಂದ್ಯಾಗ ನಿಂತು ಕೇಳೇನಿ:
ಲಟಿಗಿ ಅಂದ್ರ ಎಲುಬಿನ ಸದ್ದಲ್ಲಂತ,
ರಸದಾಗ ಒಂದು ಗುಳ್ಳಿ ಏಳೂ ಸದ್ದಂತ.
ಅಂದ್ರ ಇಷ್ಟು ದಿನ ನನ್ನ ನೆದರ ತಗದದ್ದು
ಆ ಗುಳ್ಳಿ.

ಈ ಡಬ್ಬಿಯಾಕಿ ಯಾರೋ. ನಮ್ಮಾಕಿ ಅಲ್ಲ,
ನಮ್ಮಾಕಿನ್ನ ಬ್ಯಾಡಗಿ ಮಣ್ಣಾಗ ನಾನ ಇಟ್ಟೇನಿ.
ಹೆಬ್ಬಟ್ಟಿಗೆ ಗಟ್ಟಿ ತಂತಿ ಹಾಕೂದು ವಾಡಿಕಿ.
ನಾ ಸ್ಪ್ರಿಂಗು ಹಾಕಿದೆ, ತುಸು ಸಡ್ಲ ಬಿಟ್ಟೆ.
ಈಗ ಯಾರರ ಬಾಗಲಾ ಜೋರು ಹಾಕಿದರ
ಆಕಿ ಹೆಬ್ಬಟ್ಟು ಅಷ್ಟ ಅಲಗತದ.
"ಸಡ್ಲಾಗೇದ ದ್ಯಾಮಣ್ಣಾ, ಬಿಗಿ ಮಾಡು" ಅಂತಾರ ಹುಡುಗೂರು.
ಮ್ಯಾಲಿನ ಮಣಿ ಅಲಗಿಸಿ ಹೂಂ ಅಂತೇನಿ.
ಎರಡು ತಿಂಗಳಾತು,
ಬಿಗಿ ಮಾಡಿಲ್ಲ.